ಪ್ಲೇಗಿನ ಕಾಯ್ದೆಯಿಂದ ಬೆಳಗಾವಿ ಅಧಿವೇಶನದವರೆಗೆ

ಚಿಕ್ಕೋಡಿ, ಅಥಣಿಗಳು ಮುಂಬೈ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿಯೂ ರಾಯಬಾಗವು ಕೊಲ್ಹಾಪುರ ಸಂಸ್ಥಾನದಲ್ಲಿಯೂ ಇದ್ದ ಕಾಲವದು. 1896ರಲ್ಲಿ ಮುಂಬೈಯಲ್ಲಿ ಕಾಣಿಸಿಕೊಂಡ ಪ್ಲೇಗ್ ಒಳನಾಡಿಗೆ ಹಬ್ಬತೊಡಗಿತ್ತು. ಅದನ್ನು ತಡೆಯಲು ವೈಸರಾಯರ ಶಾಸನ ಸಭೆಯಲ್ಲಿ 1897ರ ಜನವರಿ 28ರಂದು ಮಸೂದೆಯೊಂದು ಮಂಡನೆಯಾಯಿತು. ಫೆಬ್ರವರಿ 4ರಂದು ಅದು ಕಾಯ್ದೆಯಾಯಿತು. ಒಂದೇ ವಾರ! ನಾಲ್ಕೇ ಕಲಮುಗಳ ಆ ಸಾಂಕ್ರಾಮಿಕ ರೋಗಗಳ ಕಾಯ್ದೆಯು ಪ್ರಯಾಣಿಕರನ್ನು ತಡೆದು ಪರೀಕ್ಷಿಸುವ, ರೋಗ ಶಂಕಿತರನ್ನು ಪ್ರತ್ಯೇಕಿಸುವ ಅಧಿಕಾರವನ್ನು ಸರಕಾರಕ್ಕೆ ನೀಡಿತು. ಸದುದ್ದೇಶದಿಂದ ಮಾಡಿದ ಕಾರ್ಯಕ್ಕಾಗಿ ಯಾರ ಮೇಲೂ ದಾವೆ ಹೂಡುವಂತಿಲ್ಲವೆಂದೂ ವಿಧಿಸಿತು. ಯಾರ ಮನೆಯ ಬಾಗಿಲನ್ನು ತಟ್ಟಲಾಗುವುದೋ ಅವರ ಮಾತನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಪರಿಣಾಮ ಬೇಗನೆ ಕಂಡಿತು. ಪುಣೆಯಲ್ಲಿ ಸೈನಿಕರು ಮನೆಮನೆಗೆ ನುಗ್ಗಿ ಶೋಧಿಸಿದರು; ಪ್ಲೇಗ್ ಅಧಿಕಾರಿ ರ‍್ಯಾಂಡ್ ಅದೇ ವರ್ಷದ ಜೂನ್‌ನಲ್ಲಿ ಗುಂಡೇಟಿಗೆ ಗುರಿಯಾದನು. 1898ರ ಮಾರ್ಚ್‌ನಲ್ಲಿ ಮುಂಬೈಯ ಮುಸ್ಲಿಮ್ ನೇಕಾರರ ಮೊಹಲ್ಲಾದಲ್ಲಿ ಕಾಯಿಲೆ ಬಿದ್ದ ಬಾಲಕಿಯೊಬ್ಬಳನ್ನು ಪರೀಕ್ಷಿಸಲು ಬಂದವರನ್ನು ಜನರು ತಡೆದರು. ಅದು ಗಲಭೆಯಾಗಿ ಬೆಳೆದು ಪ್ರಾಣಗಳು ಹೋದವು. ರೋಗದ ಭೀಕರತೆಯ ವಿಷಯದಲ್ಲಿ ಸರಕಾರದ ಎಣಿಕೆ ತಪ್ಪಾಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಆದರೆ ಪರದೆಯ ಮರ್ಯಾದೆ, ಮಯ್ಯತ್ತಿನ ವಿಧಿ, ಹೆಂಗಸರ ಸಂಕೋಚ ಇವುಗಳನ್ನು ಬಲ್ಲವರೊಬ್ಬರನ್ನು ಮೊದಲೇ ಕೂರಿಸಿಕೊಂಡಿದ್ದರೆ ಆ ರಕ್ತ ಹರಿಯುತ್ತಿರಲಿಲ್ಲವೇನೋ. ಮುಂದೆ ಸರಕಾರವೇ ಬಿಗಿಯನ್ನು ಸಡಿಲಿಸಿ, ಸಮುದಾಯಗಳ ಮುಖಂಡರ ನೆರವನ್ನು ಬೇಡಬೇಕಾಯಿತು.

ಇದಕ್ಕೆ ಪ್ರತಿಯಾದ ಚಿತ್ರವೊಂದು ನಮ್ಮ ಚರಿತ್ರೆಯಲ್ಲಿದೆ. ಶಾಮಿಗೆ ಹೊರಟ ಖಲೀಫ ಹಝ್ರತ್ ಉಮರ್(ರ) ಅವರಿಗೆ ಸರ್ಗ್ ಎಂಬಲ್ಲಿ ಪ್ಲೇಗಿನ ಸುದ್ದಿ ಬಂದಾಗ, ಅವರು ಮೊದಲು ಮುಹಾಜಿರ್‌ಗಳನ್ನು, ಬಳಿಕ ಅನ್ಸಾರ್‌ಗಳನ್ನು, ಅನಂತರ ಕುರೈಶರ ಹಿರಿಯರನ್ನು ಕರೆದು ಕೇಳಿದರು. ಮೊದಲ ಎರಡು ಗುಂಪುಗಳಲ್ಲಿ ಭಿನ್ನಮತವಿತ್ತು. ಹಿಂತಿರುಗುವ ನಿರ್ಧಾರವನ್ನು ಸಾರಿದ ಬಳಿಕವೂ ಅಬೂ ಉಬೈದಾ(ರ) ಬಹಿರಂಗವಾಗಿಯೇ ಆಕ್ಷೇಪಿಸಿದರು. ಖಲೀಫರು ಅವರಿಗೆ ಕಾರಣವನ್ನು ವಿವರಿಸಿದರು.

ಈಗ ನಮ್ಮ ಜಿಲ್ಲೆಗೇ ಬರೋಣ. ಖಾಸಗಿ ಆಸ್ಪತ್ರೆಗಳ ನಿಯಂತ್ರಣಕ್ಕೆ ಕರ್ನಾಟಕದಲ್ಲಿ 2007ರ ಕಾಯ್ದೆಯಿತ್ತು. ಅದರ ತಿದ್ದುಪಡಿಗಾಗಿ ನಿವೃತ್ತ ನ್ಯಾಯಮೂರ್ತಿ ವಿಕ್ರಮ್‌ಜಿತ್ ಸೇನ್ ಅವರ ಸಮಿತಿಯು ಪರಿಶೀಲನೆ ನಡೆಸಿತು. 2017ರ ಜೂನ್‌ನಲ್ಲಿ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ವಿಧೇಯಕವನ್ನು ಮಂಡಿಸಿದರು. ಆಡಳಿತ ಪಕ್ಷಕ್ಕೆ ಬಹುಮತವಿದ್ದರೂ ಅದು ಅಂದೇ ಅಂಗೀಕಾರವಾಗಲಿಲ್ಲ. ಉಭಯ ಸದನಗಳ, ವಿರೋಧ ಪಕ್ಷದವರೂ ಇದ್ದ ಜಂಟಿ ಸಮಿತಿಗೆ ಹೋಯಿತು. ವೈದ್ಯರ ಆಕ್ಷೇಪವೂ ತೀವ್ರವಾಗಿತ್ತು: ಸೇನ್ ಸಮಿತಿಯ ಸಲಹೆಗಳನ್ನು ಬದಿಗಿರಿಸಲಾಗಿದೆ, ಸರಕಾರಿ ಆಸ್ಪತ್ರೆಗಳನ್ನು ಕಾಯ್ದೆಯಿಂದ ಹೊರಗಿಡಲಾಗಿದೆ ಎಂದು.

ನವೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುತ್ತಿದ್ದಾಗ ಹೊರಗೆ ವೈದ್ಯರು ಧರಣಿ ಕುಳಿತರು. ರಾಜ್ಯದೆಲ್ಲೆಡೆ ಖಾಸಗಿ ಆಸ್ಪತ್ರೆಗಳ ಹೊರರೋಗಿ ವಿಭಾಗಗಳು ಮುಚ್ಚಿದವು, ರೋಗಿಗಳು ಬಾಗಿಲಿಂದ ಬಾಗಿಲಿಗೆ ಅಲೆದರು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವೈದ್ಯ ಮುಖಂಡರೊಂದಿಗೆ ಮಾತುಕತೆಗೆ ಕುಳಿತರು. ಅದೇ ಅಧಿವೇಶನದಲ್ಲಿ ವಿಧೇಯಕ ಅಂಗೀಕಾರವಾದಾಗ ಜೈಲು ಶಿಕ್ಷೆಯ ಅಂಶವಿರಲಿಲ್ಲ. ಎಲ್ಲ ಚಿಕಿತ್ಸೆಗಳ ದರವನ್ನು ಸರಕಾರವೇ ನಿಗದಿಪಡಿಸುವ ಮಾತು ಸರಕಾರಿ ಯೋಜನೆಗಳ ಮಟ್ಟಿಗೆ ಸೀಮಿತವಾಯಿತು. ಉಳಿದದ್ದೂ ಸಣ್ಣದಲ್ಲ: ತುರ್ತು ಸಂದರ್ಭದಲ್ಲಿ ಮುಂಗಡ ಹಣಕ್ಕಾಗಿ ಚಿಕಿತ್ಸೆಯನ್ನು ನಿಲ್ಲಿಸುವಂತಿಲ್ಲ, ಬಾಕಿ ಹಣಕ್ಕಾಗಿ ಶವವನ್ನು ಒತ್ತೆಯಿಡುವಂತಿಲ್ಲ, ದರಪಟ್ಟಿಯನ್ನು ಕಾಣುವಂತೆ ಹಾಕಬೇಕು, ದೂರು ಕೇಳಲು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರವಿರಬೇಕು.

ಇದನ್ನು ಬಹಿರಂಗ ಸಮಾಲೋಚನೆಯ ವಿಜಯವೆಂದು ಕರೆಯಲು ನನಗೆ ಮನಸ್ಸಾಗದು. 1897ಕ್ಕೆ ಹೋಲಿಸಿದರೆ ಅಗಾಧ ಅಂತರವಿದೆ, ನಿಜ. ಯಾರ ಬೇಡಿಕೆ ಏನು, ಯಾವ ಅಂಶ ಏಕೆ ಬಿತ್ತು ಎಂಬುದು ಪತ್ರಿಕೆ ಓದುವವರಿಗೆಲ್ಲ ತಿಳಿದಿತ್ತು. ಆದರೆ ತಿಂಗಳುಗಟ್ಟಲೆ ಸಮಿತಿಯಲ್ಲಿ ನಡೆದ ವಿಚಾರಣೆಗಿಂತ ಮುಷ್ಕರದ ನಡುವಿನ ಆ ಕೊನೆಯ ಮಾತುಕತೆಯೇ ಹೆಚ್ಚು ತೂಗಿತು. ಹೊಲ ಮಾರಿ ಬಿಲ್ ಕಟ್ಟಿದವನಾಗಲಿ, ಬೀಡಿ ಕಟ್ಟಿ ಮಗುವಿಗೆ ಔಷಧಿ ತಂದ ನಿಪ್ಪಾಣಿಯ ತಾಯಿಯಾಗಲಿ ಮುಷ್ಕರ ಹೂಡಲಾರರು. ಸಂಘಟಿತರಿಗೆ ಬಾಗಿಲು ತಾನೇ ತೆರೆಯುತ್ತದೆ. ಸರ್ಗ್‌ನಲ್ಲಾದರೋ ಕರೆದವರೇ ಖಲೀಫರು.

ನಮ್ಮ ಐದು ತಾಲೂಕುಗಳಿಗೆ ಇನ್ನೊಂದು ತೊಡಕಿದೆ. ಕಾಗವಾಡ, ಅಥಣಿಯವರು ದೊಡ್ಡ ಕಾಯಿಲೆಯಾದರೆ ಮಿರಜ್‌ಗೆ ಓಡುತ್ತಾರೆ, ನಿಪ್ಪಾಣಿಯವರು ಕೊಲ್ಹಾಪುರಕ್ಕೆ. ಬೆಳಗಾವಿಯಲ್ಲಿ ಅಷ್ಟು ಗದ್ದಲದ ನಡುವೆ ಹುಟ್ಟಿದ ಕಾಯ್ದೆ ಗಡಿಯಲ್ಲೇ ನಿಲ್ಲುತ್ತದೆ. ಅಲ್ಲಿನ ಆಸ್ಪತ್ರೆಗಳಿಗೆ ಅನ್ವಯಿಸುವುದು ಮಹಾರಾಷ್ಟ್ರದ ಕಾನೂನು. ಅದನ್ನು ರೂಪಿಸುವ ಸದನಕ್ಕೆ ನಮ್ಮ ಮತದಿಂದ ಆಯ್ಕೆಯಾದವರು ಒಬ್ಬರೂ ಇಲ್ಲ.