722ರಲ್ಲಿ ಬರೀ 13!

ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೀಗಿ. ಸಿಫಿಲಿಸ್ ಇದ್ದ 399 ಕಪ್ಪು ಗಂಡಸರನ್ನು ಸರ್ಕಾರಿ ವೈದ್ಯರು 1932ರಿಂದ 1972ರವರೆಗೆ ಸುಮ್ಮನೆ ನೋಡ್ತಾ ಕೂತರು. ಪೆನ್ಸಿಲಿನ್ ಬಂದ ಮೇಲೂ ಕೊಡಲಿಲ್ಲ. ಅಧ್ಯಕ್ಷ ಕ್ಲಿಂಟನ್ ಕ್ಷಮೆ ಕೇಳಿದ್ದು 1997ರಲ್ಲಿ. ಇಷ್ಟಾದ ಮೇಲೆ ನಂಬಿಕೆ ಎಲ್ಲಿಂದ ಬರಬೇಕು ಹೇಳಿ?

ಆದರೆ, ವೀಕ್ಷಕರೇ, ಕಪ್ಪು ಜನ ಕ್ಯಾನ್ಸರ್ ಟ್ರಯಲ್‌ಗೆ ಬರದಿರೋಕೆ ಅಪನಂಬಿಕೆಯೊಂದೇ ಕಾರಣ ಅನ್ನೋದು ಅರ್ಧಸತ್ಯ.

ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್ ತಗೊಳ್ಳಿ. ಅಮೆರಿಕದಲ್ಲಿ ಈ ರೋಗ ಬರುವ ಐವರಲ್ಲಿ ಹೆಚ್ಚುಕಡಿಮೆ ಒಬ್ಬರು ಕಪ್ಪು ಜನಾಂಗದವರು. 2015ರಲ್ಲಿ ಅಲ್ಲಿ ಒಪ್ಪಿಗೆ ಪಡೆದ ನಿನ್‌ಲಾರೋ ಔಷಧದ ಟ್ರಯಲ್ ಹಲವು ದೇಶಗಳಲ್ಲಿ ನಡೆದಿತ್ತು, ನಿಜ. ಆದರೂ 722 ಜನರಲ್ಲಿ ಕಪ್ಪು ರೋಗಿಗಳು ಬರೀ 13!

ನಾನು ಎಂಜಿನಿಯರಿಂಗ್ ಓದಿದವನು. ಸ್ಯಾಂಪಲ್ಲೇ ಸರಿಯಿಲ್ಲದಿದ್ದರೆ ರಿಸಲ್ಟ್ ಯಾರಿಗೆ ಅನ್ವಯ ಆಗುತ್ತೆ?

ನಿಯಮಗಳನ್ನೂ ನೋಡಿ. ಆಫ್ರಿಕನ್ ಮೂಲದ ಹಲವರಿಗೆ ಆರೋಗ್ಯವಾಗಿದ್ದಾಗಲೂ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಕಡಿಮೆ ಇರುತ್ತೆ. ಟ್ರಯಲ್‌ನ ಕಟ್‌ಆಫ್ ಅವರನ್ನು ಬಾಗಿಲಲ್ಲೇ ತಡೆಯುತ್ತೆ. ಸಂಬಳ ಬಿಟ್ಟು ದೂರದ ಆಸ್ಪತ್ರೆಗೆ ಅಲೆಯೋದು ಬೇರೆ.

ಬಡವರ ಮೆಡಿಕೇಡ್ ವಿಮೆ ಟ್ರಯಲ್ ರೋಗಿಗಳ ಮಾಮೂಲಿ ಚಿಕಿತ್ಸಾ ವೆಚ್ಚ ಭರಿಸಲೇಬೇಕು ಅನ್ನೋ ಕಾನೂನು ಜಾರಿಯಾಗಿದ್ದು 2022ರಲ್ಲಿ. ಒಳ್ಳೆಯದೇ. ಇನ್ನು ಕಟ್‌ಆಫ್ ತಿದ್ದಬೇಕು, ಟ್ರಯಲ್ಲೇ ಅವರ ಊರಿನ ಆಸ್ಪತ್ರೆಗೆ ಹೋಗಬೇಕು. ನಂಬಿಕೆ ಕಳೆದುಕೊಂಡವರೇ ಮೊದಲು ಬಾಗಿಲು ತಟ್ಟಲಿ ಅನ್ನೋದು ಯಾವ ನ್ಯಾಯ?