ಹೊರಗಿಟ್ಟ ಕುಡಿಕೆ

ಬೀದರಿನಲ್ಲಾಗಲಿ, ಭಾಲ್ಕಿ, ಔರಾದಗಳಲ್ಲಾಗಲಿ, ರಾಶಿ ಮುಗಿದ ಹೊಲದಲ್ಲಿ ಮೂರು ಕಟ್ಟಿಗೆ ನೆಟ್ಟರೆ ಸಾಕು, ಕ್ರಿಕೆಟ್ ಶುರುವಾಗುತ್ತದೆ. ಎಸೆಯುವವನು ಯಾವ ಓಣಿಯ ಹುಡುಗ ಎಂದು ಚೆಂಡು ಕೇಳುವುದಿಲ್ಲ. ಆಟ ಮುಗಿಸಿ, ನೀರಡಿಸಿ, ಎಲ್ಲರೂ ಒಂದೇ ಮನೆಯ ಬಾಗಿಲಿಗೆ ಬಂದಾಗ ಮಾತ್ರ ಆ ಪ್ರಶ್ನೆ ಏಳುತ್ತದೆ. ಉತ್ತರ ಕೊಡಬೇಕಾದವರು ಅಡುಗೆಮನೆಯಲ್ಲಿರುವ ನಾವು. ಅದಕ್ಕೇ ಪಾಲವಣಕರ ಬಾಳೂ ಅವರ ಬದುಕು, ಕ್ರಿಕೆಟ್ಟಿನ ಗಂಧವಿಲ್ಲದ ಹೆಂಗಸರೂ ತಿಳಿದಿರಬೇಕಾದದ್ದು ಎಂದು ನನಗನಿಸುತ್ತದೆ.

ಬಾಳೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1876ರಲ್ಲಿ. ಮನೆತನ ಕೊಂಕಣದ್ದು, ಚರ್ಮದ ಕೆಲಸದ ಸಮುದಾಯ, ಅಂದಿನವರ ಮಾತಿನಲ್ಲಿ ಅಸ್ಪೃಶ್ಯರು. ತಂದೆ ಸೈನ್ಯದ ನೌಕರಿಯಲ್ಲಿದ್ದರು. ಪುಣೆಯಲ್ಲಿ ಗೋರಾ ಅಧಿಕಾರಿಗಳು ಬಿಟ್ಟುಹೋದ ಬ್ಯಾಟು ಚೆಂಡುಗಳಲ್ಲಿಯೇ ಬಾಳೂ ಮತ್ತು ತಮ್ಮ ಶಿವರಾಮ ಆಟ ಕಲಿತರು. 1892ರಲ್ಲಿ ಬಾಳೂ ಪೂನಾ ಕ್ಲಬ್ಬಿಗೆ ಸೇರಿದರು. ತಿಂಗಳಿಗೆ 4 ರೂಪಾಯಿ ಪಗಾರ. ರೋಲರ್ ಎಳೆಯಬೇಕು, ಬಲೆ ಕಟ್ಟಬೇಕು, ಸಾಹೇಬರಿಗೆ ಬೌಲಿಂಗ್ ಮಾಡಬೇಕು. ಗ್ರೇಗ್ ಎಂಬ ಅಧಿಕಾರಿ ತನ್ನನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದನೆಂಬ ಮಾತಿದೆ. ಗಂಟೆಗಟ್ಟಲೆ ಚೆಂಡು ಹಾಕಿದರೂ ಬ್ಯಾಟು ಮಾತ್ರ ಅವರ ಕೈಗೆ ಬರಲಿಲ್ಲ. ಆದರೆ ಆ ದುಡಿಮೆಯಲ್ಲೇ ಅವರ ಎಡಗೈ ಸ್ಪಿನ್ ಪಳಗಿತು.

ಬಿಳಿಯರನ್ನು ಸೋಲಿಸುವ ಹಂಬಲವಿದ್ದ ಪುಣೆಯ ಹಿಂದೂ ತಂಡಕ್ಕೆ ಈ ಕೈ ಬೇಕಾಯಿತು. ಕೆಲವರು ತಕರಾರು ತೆಗೆದರು. ಆದರೂ ಬಾಳೂ ತಂಡಕ್ಕೆ ಸೇರಿದರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹದ ಹೊತ್ತಿಗೆ ಮಾತ್ರ ಉಳಿದವರಿಗೆ ಒಳಗೆ ಪಿಂಗಾಣಿ ಕಪ್ಪು, ಬಾಳೂ ಅವರಿಗೆ ಹೊರಗೆ ಮಣ್ಣಿನ ಕುಡಿಕೆ. ಊಟಕ್ಕೂ ಬೇರೆ ಜಾಗ. ಜೊತೆಗೆ ಆಡುವವರು ಜೊತೆಗೆ ಉಣ್ಣಲೂ ಬೇಕೆಂದು ನ್ಯಾಯಮೂರ್ತಿ ರಾನಡೆಯವರು ಬಹಿರಂಗವಾಗಿಯೇ ಹೇಳಬೇಕಾಯಿತು.

ಪುಣೆಗೆ ಪ್ಲೇಗ್ ಬಂದ ಮೇಲೆ ಬಾಳೂ ಮುಂಬಯಿಗೆ ಹೋದರು. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿದಾಗ ಆ ಗೆಲುವಿನಲ್ಲಿ ಅವರದು ದೊಡ್ಡ ಪಾಲು. 1911ರಲ್ಲಿ ಪಟಿಯಾಲದ ಮಹಾರಾಜರ ತಂಡದೊಡನೆ ಇಂಗ್ಲೆಂಡಿಗೆ ಹೋದರು. ತಂಡ ಸೋತದ್ದೇ ಹೆಚ್ಚು. ಬಾಳೂ ಮಾತ್ರ 114 ವಿಕೆಟ್ ತೆಗೆದುಕೊಂಡು ಬಂದರು. ಯುವಕ ಅಂಬೇಡ್ಕರರಿಗೆ ಅವರು ಅಭಿಮಾನದ ಮನುಷ್ಯರಾದರು.

ಇಷ್ಟಾದರೂ ನಾಯಕತ್ವ ಅವರಿಗೆ ಸಿಗಲಿಲ್ಲ. 1920ರಲ್ಲಿ ಬಾಳೂ ಅವರನ್ನು ತಂಡದಿಂದಲೇ ಕೈಬಿಟ್ಟಾಗ ತಮ್ಮಂದಿರಾದ ಶಿವರಾಮ ಮತ್ತು ವಿಠ್ಠಲ ಪ್ರತಿಭಟಿಸಿ ಹಿಂದೆ ಸರಿದರು. ಕೊನೆಗೆ ಬಾಳೂ ಉಪನಾಯಕರಾದರು. ನಾಯಕ ಎಂ.ಡಿ. ಪೈ ಬೇಕೆಂದೇ ಸ್ವಲ್ಪ ಹೊತ್ತು ಮೈದಾನದಿಂದ ಹೊರಗಿದ್ದು, ಅವರು ತಂಡ ನಡೆಸುವಂತೆ ಮಾಡಿದರು. 1923ರಲ್ಲಿ ವಿಠ್ಠಲ ನಾಯಕನಾದ. ಅಣ್ಣನಿಗೆ ಇಡಿಯಾಗಿ ಕೊಡದಿದ್ದದ್ದು ತಮ್ಮನಿಗೆ ಸಿಕ್ಕಿತು.

ಮುಂದೆ ಬಾಳೂ ರಾಜಕೀಯಕ್ಕೆ ಬಂದರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ಅಂಬೇಡ್ಕರರ ಎದುರೇ ನಿಂತು ಸೋತರು. 1955ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು.

ಈ ಕಥೆ ಓದಿದಾಗ ನಮ್ಮ ಜಿಲ್ಲೆಯವರಿಗೆ ಕಲ್ಯಾಣ ನೆನಪಾಗದೆ ಇರದು. ಹನ್ನೆರಡನೆಯ ಶತಮಾನದಲ್ಲಿ ಅದೇ ಚರ್ಮದ ಕಾಯಕದ ಹರಳಯ್ಯನವರ ಮಗನಿಗೆ ಬ್ರಾಹ್ಮಣ ಮೂಲದ ಮಧುವರಸರು ಮಗಳನ್ನು ಕೊಟ್ಟರು, ಅದಕ್ಕಾಗಿ ಬೀಗರಿಬ್ಬರೂ ಪ್ರಾಣ ತೆತ್ತರು ಎಂಬುದನ್ನು ಕೇಳುತ್ತಲೇ ಬೆಳೆದವರು ನಾವು. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ಹೆಮ್ಮೆಯಿಂದ ಹೇಳುತ್ತೇವೆ. ಅದೇ ಅಪ್ಪಗಳು ಎಲ್ಲ ಜಾತಿಯ ಮಕ್ಕಳನ್ನು ಪ್ರಸಾದನಿಲಯದಲ್ಲಿ ಇರಿಸಿಕೊಂಡದ್ದನ್ನು ಹೇಳುವಾಗ ಮಾತ್ರ ನಮ್ಮ ದನಿ ತಗ್ಗುತ್ತದೆ.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಹೊರಗಿನ ಗೂಡಿನಲ್ಲಿ ಬೇರೆ ಕಪ್ಪು-ಬಸಿ ಇರುತ್ತಿತ್ತು. ಕುಡಿದವರೇ ತೊಳೆದು ಅಲ್ಲೇ ಇಟ್ಟು ಹೋಗಬೇಕು. ಪೂನಾದ ಕುಡಿಕೆಯನ್ನು ಕ್ಲಬ್ಬಿನ ಗಂಡಸರು ಇಟ್ಟಿದ್ದರು. ನಮ್ಮ ಗೂಡಿನ ಕಪ್ಪನ್ನು ಇಟ್ಟವರು ಹೆಂಗಸರೇ. ಅದನ್ನು ತೆಗೆಯಲು ಸಭೆ ಬೇಕಿಲ್ಲ, ಠರಾವು ಬೇಕಿಲ್ಲ. ಮನೆಯಾಕೆ ಮನಸ್ಸು ಮಾಡಿದರೆ ಸಾಕು.