ಅಗಸಿಯೊಳಗಿನ ಆಗಂತುಕ

ಎರೆಹೊಲಗಳ ಬಯಲು ಮುಗಿದು ಕಲಘಟಗಿಯ ಅರೆಮಲೆನಾಡು ಮೊದಲಾಗುವ ಸೀಮೆಯಲ್ಲಿರುವ ಮಿಶ್ರಿಕೋಟಿಯಂಥ ಊರುಗಳಿಗೆ, ಹುಬ್ಬಳ್ಳಿಗೆ ರೈಲು ಇನ್ನೂ ಬಾರದಿದ್ದ ಕಾಲದಲ್ಲಿಯೂ, ಪರಸ್ಥಳದವರ ಆಗಮನವು ಅಪೂರ್ವವಾದುದೇನೂ ಆಗಿರಲಿಲ್ಲ. ಧಾರವಾಡದ ಹತ್ತಿಯನ್ನು ಕುಮಟಾ, ಕಾರವಾರಗಳ ಬಂದರುಗಳಿಗೆ ಮುಟ್ಟಿಸಿ, ಮರಳುವಾಗ ಉಪ್ಪು, ತೆಂಗಿನಕಾಯಿಗಳನ್ನು ಹೇರಿಕೊಂಡು ಬರುತ್ತಿದ್ದ ಚಕ್ಕಡಿಗಳವರಿಗೆ ಈ ಸೀಮೆಯೇ ಘಟ್ಟದ ಬಾಗಿಲಾಗಿದ್ದಿತು. ಅಂಥವರು ಯಾವ ಕಟ್ಟಳೆಯ ಆಶ್ರಯದಲ್ಲಿ ನಿರ್ಭಯರಾಗಿ ರಾತ್ರಿ ಕಳೆಯುತ್ತಿದ್ದರೆಂಬುದು ವಿಚಾರಾರ್ಹವಾದ ವಿಷಯ.

ಅಗಸಿಯನ್ನು ದಾಟಿ ಬಂದವನನ್ನು ಚಾವಡಿಯಲ್ಲಿ ವಿಚಾರಿಸಿ, ಅವನ ಹೆಸರು, ಊರು, ಉದ್ಯೋಗಗಳನ್ನು ಅರಿತು, ಸಂಶಯವಿದ್ದರೆ ಗೌಡನಿಗೆ ತಿಳಿಸುವುದು ತಳವಾರನ ಕರ್ತವ್ಯವಾಗಿದ್ದಿತು. ಪೇಶ್ವೆಯವರ ರಾಜ್ಯವು 1818ರಲ್ಲಿ ಅಳಿದ ಬಳಿಕ, ಆ ಪ್ರಾಂತದ ಆಡಳಿತವನ್ನು ಕುರಿತು ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ನನು 1819ರಲ್ಲಿ ಬರೆದ ವರದಿಯಲ್ಲಿ ಈ ಗ್ರಾಮರಕ್ಷಣೆಯ ವಿವರ ದೊರೆಯುತ್ತದೆ. ಕಳವಾದರೆ ಕಾವಲುಗಾರನು ಕಳ್ಳನ ಹೆಜ್ಜೆಯ ಜಾಡನ್ನು ಹಿಡಿದು ಊರಿನ ಮೇರೆಯವರೆಗೆ ಹೋಗಿ, ಆ ಜಾಡನ್ನು ಮುಂದಿನ ಊರಿನ ಕಾವಲುಗಾರನಿಗೆ ಒಪ್ಪಿಸಿದರೆ ಮಾತ್ರ ಹೊಣೆಯಿಂದ ಮುಕ್ತನಾಗುತ್ತಿದ್ದನು. ಜಾಡು ಎಲ್ಲಿ ಅಳಿಯಿತೋ ಆ ಊರೇ ನಷ್ಟಕ್ಕೆ ಉತ್ತರವಾದಿ. ಕಾವಲುಗಾರನ ಶಕ್ತಿಗೆ ಮೀರಿದ ಭಾಗವು ಊರವರೆಲ್ಲರ ಮೇಲೆ ಬೀಳುತ್ತಿದ್ದಿತು. ಅನ್ಯನೊಬ್ಬನ ಗಂಟಿಗೆ ಸಮಸ್ತ ಗ್ರಾಮವೇ ಜಾಮೀನಾಗಿ ನಿಲ್ಲುವ ಈ ಪದ್ಧತಿಯ ಔದಾರ್ಯವನ್ನು ನಾನು ಎಷ್ಟು ಕೊಂಡಾಡಿದರೂ ಕಡಮೆಯೇ. 1867ರ ಮುಂಬಯಿ ಗ್ರಾಮ ಪೊಲೀಸ್ ಕಾಯಿದೆಯು ಬಂದ ಮೇಲೆ ಕಾವಲಿನ ಭಾರವು ಪೊಲೀಸ್ ಪಾಟೀಲನ ಹುದ್ದೆಗೆ ಕಟ್ಟುಬಿದ್ದಿತು.

ಬಂದವನು ಊರಿನ ನಡೆಯನ್ನು ಪಾಲಿಸಬೇಕಾಗಿದ್ದುದೂ ಸಹಜವೇ. ಗ್ರಾಮದೇವತೆಯ ಜಾತ್ರೆಗೆ ಮುನ್ನ ವಾರ ಹಿಡಿದ ದಿನಗಳಲ್ಲಿ ಉಳುಮೆಯಿಲ್ಲ. ಹೊರಬೀಡಿನ ದಿನವಂತೂ ಮನೆಗಳೆಲ್ಲ ಬರಿದಾಗಿ, ಜನರು ಹೊಲಗಳಲ್ಲಿಯೇ ಅಡಿಗೆ ಮಾಡಿಕೊಳ್ಳುವರು. ಉಳಿದ ದಿನಗಳಲ್ಲಿ ಹೊಸ್ತಿಲಿಗೆ ಬಂದವನಿಗೆ ಬೆಲ್ಲ, ನೀರು ಕೊಟ್ಟ ಮೇಲೆಯೇ ಮಿಕ್ಕ ಮಾತು.

ಆದರೆ ಆ ನೀರು ಎಲ್ಲರಿಗೂ ಸಿಕ್ಕುತ್ತಿದ್ದಿತೆಂದು ಬರೆದರೆ ಚರಿತ್ರೆಗೆ ದ್ರೋಹವಾದೀತು. ಅಸ್ಪೃಶ್ಯನೆನಿಸಿಕೊಂಡ ದಾರಿಕಾರನಿಗೆ ಬಾವಿಯ ಕಟ್ಟೆಯಾಗಲಿ ಧರ್ಮಶಾಲೆಯ ಪಡಸಾಲೆಯಾಗಲಿ ತೆರೆದಿರಲಿಲ್ಲ. ಗಂಟಿಗೆ ಜಾಮೀನಾಗುತ್ತಿದ್ದ ಗ್ರಾಮವು ಅವನ ಬಾಯಾರಿಕೆಗೆ ಜಾಮೀನಾಗಲಿಲ್ಲ. ಎಸ್. ಕೆ. ಬೋಲೆಯವರು 1923ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಮಂಡಿಸಿದ ಠರಾವು, ಸಾರ್ವಜನಿಕ ಹಣದಿಂದ ನಡೆಯುವ ಬಾವಿ, ಕೆರೆ, ಧರ್ಮಶಾಲೆಗಳನ್ನು ಅವನಿಗೂ ತೆರೆಯಬೇಕೆಂದು ಶಿಫಾರಸು ಮಾಡಿತು. ಆಗ ಧಾರವಾಡ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಆ ಠರಾವು ಈ ನೆಲದ ಬಾವಿಗಳಿಗೂ ಸಂಬಂಧಿಸಿದುದಾಗಿದ್ದಿತು. ಕಾಗದದ ಮೇಲಣ ಆ ಅನುಜ್ಞೆಯು ಬಹುಕಾಲ ಹಲವೆಡೆ ಹಗ್ಗ, ಕೊಡಗಳವರೆಗೆ ತಲಪಲಿಲ್ಲ. 1950ರ ಸಂವಿಧಾನವು ತನ್ನ ಹದಿನೈದನೆಯ ಅನುಚ್ಛೇದದಲ್ಲಿ ಬಾವಿ, ಕೆರೆ, ರಸ್ತೆ, ಹೊಟೇಲುಗಳನ್ನು ಹೆಸರಿಸಿಯೇ ಅದನ್ನು ಮತ್ತೊಮ್ಮೆ ಹೇಳಬೇಕಾಯಿತು.